ಸೊರಗಿದ ಪ್ರೌಢಶಾಲೆಗೆ ಕೈಕೆಲಸದ ಕಲಿಕೆಯನ್ನು ತರುವುದು ಹೇಗೆ? ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಮುಖ್ಯ ಶಿಕ್ಷಕರಿಗೆ ಒಂದು ಮಾರ್ಗದರ್ಶಿ

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕನಾಗಿದ್ದಾಗ ಒಂದು ಕೊಠಡಿಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಬೇಕಾಗಿ ಬಂತು. ಎಷ್ಟು ಕಲ್ಲು ಬೇಕೆಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ ಎಂದು ಒಂಬತ್ತನೆಯ ತರಗತಿಯವರನ್ನು ಏಳು ಗುಂಪು ಮಾಡಿ, ಗುಂಪಿಗೊಂದು ಟೇಪು ಕೊಟ್ಟೆ. ಏಳು ಗುಂಪುಗಳಿಂದ ಆರು ಬಗೆಯ ಉತ್ತರಗಳು ಬಂದವು. ಕೆಲವರು ಟೇಪಿನ ಒಂದು ಇಂಚಿನ ಗೆರೆಯಿಂದ ಅಳತೆ ಶುರು ಮಾಡಿದ್ದರು. ಕೆಲವರು ಉದ್ದವನ್ನು ಅಡಿಯಲ್ಲಿ, ಅಗಲವನ್ನು ಮೀಟರಿನಲ್ಲಿ ಅಳೆದು ಎರಡನ್ನೂ ಗುಣಿಸಿಬಿಟ್ಟಿದ್ದರು. ಆಯತದ ವಿಸ್ತೀರ್ಣದ ಸೂತ್ರವನ್ನು ಮಾತ್ರ ಎಲ್ಲರೂ ತಪ್ಪಿಲ್ಲದೆ ಬರೆದಿದ್ದರು. ಫಲಿತಾಂಶ ಕುಸಿದ ಶಾಲೆಗಳಲ್ಲಿ ನಾವು ಮಾಡುವ ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್ ಇವೆಲ್ಲ ಆ ಸೂತ್ರವನ್ನೇ ಇನ್ನೊಮ್ಮೆ ಬರೆಯಿಸುತ್ತವೆ. ಟೇಪು ಹಿಡಿಯುವುದನ್ನು ಕಲಿಸುವ ಅವಧಿ ವೇಳಾಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ.

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಮೊದಲ ಸ್ಥಾನದ ದಕ್ಷಿಣ ಕನ್ನಡ ಜಿಲ್ಲೆಯ ಉತ್ತೀರ್ಣ ಪ್ರಮಾಣ ಶೇ 91.12 ಇದ್ದರೆ, ಕೊನೆಯಲ್ಲಿದ್ದ ಕಲಬುರಗಿಯದು ಶೇ 42.43 ಇತ್ತು. ನಮ್ಮ ಭಾಗದ ಶಾಲೆಗಳಲ್ಲಿ ನಪಾಸಾದ ಹುಡುಗ ಮುಂದಿನ ಜೂನ್ ಹೊತ್ತಿಗೆ ಮನೆಯವರೊಡನೆ ಗುಳೆ ಹೋಗಿರುತ್ತಾನೆ. ನಪಾಸಾದ ಹುಡುಗಿಯ ಮನೆಯಲ್ಲಿ ಮದುವೆಯ ಮಾತು ಎದ್ದಿರುತ್ತದೆ. ಆದ್ದರಿಂದ ವೃತ್ತಿ ಮತ್ತು ಪ್ರಾಯೋಗಿಕ ಶಿಕ್ಷಣವನ್ನು ಇಂಥ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸಾಮಾನ್ಯ ಸರ್ಕಾರಿ ಪ್ರೌಢಶಾಲೆ ತನ್ನಲ್ಲಿರುವ ಜನ, ಜಾಗ, ಹಣದಲ್ಲಿ ಇದನ್ನು ಹೇಗೆ ಆರಂಭಿಸಬಹುದು ಎಂಬುದನ್ನು, ನಾವು ಎಡವಿದ ಜಾಗಗಳನ್ನೂ ಸೇರಿಸಿ, ಮುಂದೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾರಿಗೆ ಎಂಬುದನ್ನು ತೀರ್ಮಾನಿಸಿ

ಶಿಕ್ಷಕರ ಸಭೆಯಲ್ಲಿ ಈ ವಿಷಯ ಇಟ್ಟ ಕೂಡಲೇ "ಓದಿನಲ್ಲಿ ಹಿಂದುಳಿದವರನ್ನು ಇದಕ್ಕೆ ಹಾಕೋಣ, ಉಳಿದವರು ಓದಲಿ" ಎಂಬ ಸಲಹೆ ಬರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಬರುವ ಈ ಸಲಹೆಯನ್ನು ಒಪ್ಪಿಕೊಂಡರೆ ಕಾರ್ಯಕ್ರಮ ಅಲ್ಲಿಗೇ ಮುಗಿಯುತ್ತದೆ. ತಮ್ಮನ್ನು ದಡ್ಡರ ಗುಂಪಿಗೆ ಹಾಕಿದ್ದಾರೆಂದು ತಿಳಿದ ಮಕ್ಕಳು ಸುತ್ತಿಗೆಯನ್ನು ಶಿಕ್ಷೆಯೆಂದು ಹಿಡಿಯುತ್ತಾರೆ. ಜಾಣರೆನಿಸಿಕೊಂಡವರು ಟೇಪು ಹಿಡಿಯುವುದನ್ನು ಕಲಿಯದೆಯೇ ಪಿಯುಸಿ ವಿಜ್ಞಾನಕ್ಕೆ ಹೋಗುತ್ತಾರೆ. ಒಂಬತ್ತನೆಯ ತರಗತಿಯ ಎಲ್ಲ ಮಕ್ಕಳೂ, ಮೊದಲ ಸ್ಥಾನದವರೂ ಕೊನೆಯವರೂ, ಒಂದೇ ಗುಂಪಿನಲ್ಲಿ ಒಂದೇ ಕೆಲಸ ಮಾಡಬೇಕು ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆದಿಡಿ.

ನಮ್ಮ ಊರುಗಳಲ್ಲಿ ಕಸುಬು ಎಂದರೆ ಜಾತಿಯ ಹೆಸರೂ ಹೌದು. ಬಡಿಗೇರ, ಕಂಬಾರ, ಕುಂಬಾರ ಎಂಬ ಅಡ್ಡಹೆಸರುಗಳು ಹಾಜರಿ ಪುಸ್ತಕದಲ್ಲಿಯೇ ಇವೆ. ಆಯಾ ಮಗುವಿಗೆ ಅದರ ಮನೆಯ ಕಸುಬನ್ನೇ ಕಲಿಸುವುದು ಸುಲಭವೆಂದು ತೋರಿದರೂ ಅದು ದೊಡ್ಡ ತಪ್ಪಾಗುತ್ತದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಸಿ. ರಾಜಗೋಪಾಲಾಚಾರಿಯವರ ಸರ್ಕಾರವು ಪ್ರಾಥಮಿಕ ಶಾಲೆಯ ಅವಧಿಯನ್ನು ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬು ಕಲಿಯಬೇಕೆಂಬ ಯೋಜನೆಯನ್ನು ತಂದಿತು. ಇದು ಕುಲಕಸುಬನ್ನು ಗಟ್ಟಿ ಮಾಡುವ ಶಿಕ್ಷಣ ಎಂದು ಜನ ತೀವ್ರವಾಗಿ ವಿರೋಧಿಸಿದರು, ಮರುವರ್ಷ ಕಾಮರಾಜರ ಸರ್ಕಾರ ಅದನ್ನು ಕೈಬಿಟ್ಟಿತು. ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಅಂದರೆ ಆ ವರ್ಷದ ಶಾಲೆಗಳು ಶುರುವಾದಾಗ ಅದು ಇನ್ನೂ ಮದ್ರಾಸಿನಲ್ಲಿಯೇ ಇತ್ತು ಎಂಬುದನ್ನು ನಮ್ಮ ಭಾಗದವರು ನೆನಪಿಡಬೇಕು. ಅದಕ್ಕಾಗಿಯೇ ನಮ್ಮ ಶಾಲೆಯಲ್ಲಿ ಒಂದು ನಿಯಮ ಮಾಡಿದೆವು: ಪ್ರತಿ ಮಗುವೂ ಪ್ರತಿ ಕೆಲಸವನ್ನು ಮಾಡಬೇಕು, ಹುಡುಗಿಯರು ವೈರಿಂಗ್ ಮಾಡಬೇಕು, ಹುಡುಗರು ಅಡುಗೆ ಮತ್ತು ಹೊಲಿಗೆ ಕಲಿಯಬೇಕು, ಕೊಠಡಿ ಗುಡಿಸುವ ಸರದಿ ಎಲ್ಲರಿಗೂ ಬರಬೇಕು.

ಎರಡನೆಯ ಹೆಜ್ಜೆ: ಊರಿನಲ್ಲಿ ಯಾವ ಕೆಲಸವಿದೆ ಎಂದು ನೋಡಿ

ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಶಾಲೆಯಿಂದ ಹೊರಬಿದ್ದ ಮಕ್ಕಳ ಹೆಸರುಗಳನ್ನು ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ಮಾಹಿತಿ ವ್ಯವಸ್ಥೆ) ದಾಖಲೆಯಿಂದ ತೆಗೆದು, ಪ್ರತಿಯೊಬ್ಬರೂ ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ ಬರೆದುಕೊಳ್ಳಿ. ಇದಕ್ಕೆ ಎರಡು ವಾರ ಸಾಕು. ಈಗಿನ ಹತ್ತನೆಯ ತರಗತಿಯ ಮಕ್ಕಳೇ ಅರ್ಧ ಮಾಹಿತಿ ತರುತ್ತಾರೆ. ಆಮೇಲೆ ಶಾಲೆಯ ಸುತ್ತ ಹತ್ತು ಕಿಲೋಮೀಟರ್ ಒಳಗೆ ಕೈ ಬಳಸಿ ದುಡಿಯುವವರು ಯಾರ್‍ಯಾರು, ಅವರನ್ನು ಹುಡುಕಿಕೊಂಡು ಜನ ಬರುವುದು ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ ಆಳು ಸಿಗುವುದಿಲ್ಲ ಎಂದು ಕೇಳಿ ತಿಳಿಯಿರಿ.

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತ ಮತ್ತು ಅಕ್ಕಿ ಗಿರಣಿಗಳಿರುವುದರಿಂದ ಮೋಟಾರು, ಸ್ಟಾರ್ಟರ್, ಟ್ರ್ಯಾಕ್ಟರ್ ರಿಪೇರಿಯವರಿಗೆ ಬಿಡುವಿರುವುದಿಲ್ಲ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಬೋರ್‌ವೆಲ್, ಹನಿ ನೀರಾವರಿ, ದಾಳಿಂಬೆ ತೋಟಗಳ ಕೆಲಸ ಇರುತ್ತದೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆ, ತೋರಣಗಲ್ಲಿನ ಸುತ್ತ ಉಕ್ಕು, ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿಯಲ್ಲಿ ಚಿನ್ನದ ಗಣಿ, ಭಾಗ್ಯನಗರದಲ್ಲಿ ನೇಕಾರಿಕೆ ಮತ್ತು ಕೂದಲು ಸಂಸ್ಕರಣೆ ಇವೆ. ಕಿನ್ನಾಳದ ಬಣ್ಣದ ಬೊಂಬೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೂ ಒಂದೇ ಕಾರ್ಖಾನೆಯ ಒಂದೇ ಯಂತ್ರವನ್ನು ನೆಚ್ಚಿ ಮಕ್ಕಳನ್ನು ತಯಾರು ಮಾಡಬೇಡಿ. ಜೀನ್ಸ್ ಘಟಕದಲ್ಲಿ ಒಂದು ಜೇಬು ಹೊಲಿಯುವುದನ್ನಷ್ಟೇ ಕಲಿತವರಿಗೆ ಆ ಘಟಕ ಮುಚ್ಚಿದ ದಿನ ಬೇರೆ ದಾರಿ ಇರುವುದಿಲ್ಲ; ಬಟ್ಟೆಯ ಅಳತೆ ತೆಗೆದು, ಕತ್ತರಿಸಿ, ಹೊಲಿದು, ಯಂತ್ರ ಕೆಟ್ಟರೆ ಬಿಚ್ಚಿ ಜೋಡಿಸಬಲ್ಲವರಿಗೆ ದಾರಿಗಳು ಬಹಳ.

ಮೂರನೆಯ ಹೆಜ್ಜೆ: ಎರಡೇ ಕೆಲಸಗಳನ್ನು ಆರಿಸಿ

ಮೊದಲ ವರ್ಷ ಎರಡಕ್ಕಿಂತ ಹೆಚ್ಚು ಬೇಡ. ಹದಿನಾಲ್ಕು ವಯಸ್ಸಿನ ಮಗು ಅಪಾಯವಿಲ್ಲದೆ ಮಾಡಬಹುದೇ, ಕಚ್ಚಾ ಸಾಮಗ್ರಿ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆಯೇ, ಕಲಿಸಬಲ್ಲವರು ಹತ್ತಿರದಲ್ಲಿದ್ದಾರೆಯೇ, ಗಣಿತ ಮತ್ತು ವಿಜ್ಞಾನದ ಪಾಠಕ್ಕೆ ಅದು ಕೊಂಡಿಯಾಗುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ. ನಮ್ಮ ಭಾಗದ ಬಹುತೇಕ ಶಾಲೆಗಳಿಗೆ ಮನೆ ಹಾಗೂ ಪಂಪ್‌ಸೆಟ್ ವಿದ್ಯುತ್ ಕೆಲಸವನ್ನು ಮೊದಲನೆಯದಾಗಿ, ಅಳತೆ ಮತ್ತು ಕಟ್ಟಡ ಕೆಲಸವನ್ನು ಅಥವಾ ಕೃಷಿ ಮತ್ತು ಆಹಾರ ಸಂಸ್ಕರಣೆಯನ್ನು ಎರಡನೆಯದಾಗಿ ನಾನು ಸೂಚಿಸುತ್ತೇನೆ. ಕಂಪ್ಯೂಟರ್ ಬೇಕೆಂದು ಪೋಷಕರು ಕೇಳುತ್ತಾರೆ, ಅದು ತಪ್ಪಲ್ಲ. ಆದರೆ ಮಧ್ಯಾಹ್ನ ಕರೆಂಟು ಹೋಗುವ, ಹತ್ತು ಯಂತ್ರಗಳಲ್ಲಿ ನಾಲ್ಕು ಕೆಟ್ಟಿರುವ ಶಾಲೆಯಲ್ಲಿ ಅದರಿಂದ ಆರಂಭಿಸಿದರೆ ಮಕ್ಕಳು ಸಾಲಿನಲ್ಲಿ ನಿಂತು ನೋಡುವುದೇ ಹೆಚ್ಚಾಗುತ್ತದೆ.

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ಡಾ. ಶ್ರೀನಾಥ ಕಲ್ಬಾಗ್ 1983ರಲ್ಲಿ ಆರಂಭಿಸಿದ ವಿಜ್ಞಾನ ಆಶ್ರಮದ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ರೂಪಿಸಿದ ಪಠ್ಯಕ್ರಮದಲ್ಲಿ ಪ್ರೌಢಶಾಲೆಯ ಮಕ್ಕಳು ವಾರದ ಒಂದು ದಿನವನ್ನು ಕಟ್ಟಡ ಹಾಗೂ ಲೋಹದ ಕೆಲಸ, ವಿದ್ಯುತ್ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ ಎಂಬ ನಾಲ್ಕೂ ಕ್ಷೇತ್ರಗಳಲ್ಲಿ ಕಳೆಯುತ್ತಾರೆ. ಕಲಿಕೆಯ ಭಾಗವಾಗಿಯೇ ಊರಿಗೆ ಬೇಕಾದ ವಸ್ತುಗಳನ್ನು, ಸೇವೆಗಳನ್ನು ಮಾಡಿಕೊಡುತ್ತಾರೆ. ಮಗು ಮಾಡಿದ ವಸ್ತು ಯಾರಿಗಾದರೂ ನಿಜವಾಗಿ ಬೇಕಾಗಿರಬೇಕು ಎಂಬ ಅಂಶವನ್ನು ನಾವು ಅಲ್ಲಿಂದ ತೆಗೆದುಕೊಂಡೆವು. ಅಭ್ಯಾಸಕ್ಕೆಂದು ಕಟ್ಟಿ ಕೆಡವುವ ಗೋಡೆಗಿಂತ, ಬಿಸಿಯೂಟದ ತಟ್ಟೆ ತೊಳೆಯುವ ಕಟ್ಟೆಯನ್ನು ಮಕ್ಕಳು ಹೆಚ್ಚು ಶ್ರದ್ಧೆಯಿಂದ ಕಟ್ಟುತ್ತಾರೆ.

ನಾಲ್ಕನೆಯ ಹೆಜ್ಜೆ: ಅನುಮತಿ ಮತ್ತು ಪೋಷಕರ ಸಭೆ

ಎರಡು ದಾರಿಗಳಿವೆ. ಮೊದಲನೆಯದು ಸಮಗ್ರ ಶಿಕ್ಷಣದ ಅಡಿಯಲ್ಲಿ ನಡೆಯುವ ಎನ್‌ಎಸ್‌ಕ್ಯೂಎಫ್ ವೃತ್ತಿ ಶಿಕ್ಷಣ. 2013ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಈ ರಾಷ್ಟ್ರೀಯ ಕೌಶಲ ಚೌಕಟ್ಟಿನಡಿ ನಮ್ಮ ರಾಜ್ಯದ ಆಯ್ದ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಆರೋಗ್ಯ ಆರೈಕೆ, ಸೌಂದರ್ಯ ಮತ್ತು ಸ್ವಾಸ್ಥ್ಯ ಮುಂತಾದ ವಿಷಯಗಳಿವೆ. ವಿದ್ಯಾರ್ಥಿ ಇವುಗಳಲ್ಲಿ ಒಂದನ್ನು ತೃತೀಯ ಭಾಷೆಯ ಬದಲಿಗೆ ಒಂಬತ್ತನೆಯ ತರಗತಿಯಲ್ಲಿ ಆರಿಸಿಕೊಂಡು ಹತ್ತನೆಯ ತರಗತಿಯಲ್ಲಿಯೂ ಮುಂದುವರಿಸುತ್ತಾನೆ. ಇದಕ್ಕಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಿರ್ಣಯದ ಪ್ರತಿ, ಒಂಬತ್ತು ಮತ್ತು ಹತ್ತನೆಯ ತರಗತಿಯ ದಾಖಲಾತಿ, ಕೊಡಬಹುದಾದ ಕೊಠಡಿಯ ವಿವರ ಇವುಗಳೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೂಲಕ ಉಪನಿರ್ದೇಶಕರ ಕಚೇರಿಗೆ ಪ್ರಸ್ತಾವ ಕಳಿಸಬೇಕು. ಶಾಲೆಗಳ ಮಾಹಿತಿ ದಾಖಲಿಸುವ ಸರ್ಕಾರಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ನಿಮ್ಮ ಕೊಠಡಿ, ವಿದ್ಯುತ್ ಸಂಪರ್ಕ, ಶೌಚಾಲಯಗಳ ಮಾಹಿತಿ ಸರಿಯಾಗಿರಲಿ, ಏಕೆಂದರೆ ಮೇಲಿನ ಕಚೇರಿಗಳು ನೋಡುವುದು ಅದನ್ನೇ.

ಎರಡನೆಯ ದಾರಿಗೆ ಮಂಜೂರಾತಿಗಾಗಿ ಕಾಯಬೇಕಾಗಿಲ್ಲ. ಭಾಗ-ಬಿಯ, ಅಂದರೆ ಸಹಪಠ್ಯ ವಿಷಯಗಳ ಗುಂಪಿನ, ಕಾರ್ಯಾನುಭವ ಈಗಾಗಲೇ ಇರುವ ವಿಷಯ; ಹೆಚ್ಚಿನ ಶಾಲೆಗಳಲ್ಲಿ ಅದು ಅಂಕಪಟ್ಟಿಯ ಶ್ರೇಣಿಯಾಗಿ ಮಾತ್ರ ಉಳಿದಿದೆ. ಅದನ್ನು ನಿಜವಾಗಿ ನಡೆಸುವುದಕ್ಕೆ ಮುಖ್ಯ ಶಿಕ್ಷಕರ ಅಧಿಕಾರ ಸಾಕು. ಎಸ್‌ಎಸ್‌ಎಲ್‌ಸಿಯ ವಿಷಯವನ್ನು ಶಾಲೆ ತಾನಾಗಿ ಕಡ್ಡಾಯ ಮಾಡಲಾರದು, ಆದರೆ ತನ್ನ ವೇಳಾಪಟ್ಟಿಯೊಳಗಿನ ಕೆಲಸವನ್ನು ಎಲ್ಲರಿಗೂ ಕಡ್ಡಾಯ ಮಾಡಬಹುದು. ನಾವು ಹಿಡಿದದ್ದು ಈ ದಾರಿ, ಮತ್ತು ಎನ್‌ಎಸ್‌ಕ್ಯೂಎಫ್ ಸಿಗುವ ಶಾಲೆಗಳೂ ಮೊದಲ ವರ್ಷ ಇದನ್ನೇ ಹಿಡಿದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಪೋಷಕರ ಸಭೆಯನ್ನು ಬಿತ್ತನೆಯ ಗಡಿಬಿಡಿಯ ದಿನಗಳಲ್ಲಿ ಕರೆಯಬೇಡಿ; ಸಂಜೆ ಹೊತ್ತು, ಮೇ ಕೊನೆಯ ವಾರ ಅನುಕೂಲ. "ನಮ್ಮ ಕೈಗೆ ಮಣ್ಣು ಮೆತ್ತಿದ್ದು ಸಾಲದೇ, ಸರ್? ಮಕ್ಕಳಿಗೂ ಅದೇ ಬೇಕೇ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಆ ಪ್ರಶ್ನೆಗೆ ಗೌರವದಿಂದ ಉತ್ತರಿಸಬೇಕು. ಓದು ಕಡಿಮೆಯಾಗುವುದಿಲ್ಲ, ಗಣಿತದ ಅವಧಿ ಬಿಟ್ಟುಹೋಗುವುದಿಲ್ಲ, ಪಿಯುಸಿ, ಡಿಪ್ಲೊಮಾ, ಐಟಿಐ ಎಲ್ಲ ಬಾಗಿಲೂ ತೆರೆದಿರುತ್ತವೆ ಎಂಬುದನ್ನು ವೇಳಾಪಟ್ಟಿಯನ್ನೇ ಗೋಡೆಗೆ ಹಚ್ಚಿ ತೋರಿಸಿ. ಎನ್‌ಎಸ್‌ಕ್ಯೂಎಫ್ ಆಯ್ದುಕೊಂಡರೆ ಮಗು ಶಾಲೆಯಲ್ಲಿ ಹಿಂದಿ ಕಲಿಯುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮುಂದೆ ಪಿಯುಸಿಯಲ್ಲಿ ಹಿಂದಿ ತೆಗೆದುಕೊಳ್ಳುವ ಆಸೆ ಇದ್ದವರಿಗೆ ಅದು ತೊಡಕಾಗುತ್ತದೆ.

ಐದನೆಯ ಹೆಜ್ಜೆ: ವೇಳಾಪಟ್ಟಿ

ಎಲ್ಲ ಹೆಜ್ಜೆಗಳಲ್ಲಿ ಇದು ಕಠಿಣವಾದದ್ದು. ನಲವತ್ತು ನಿಮಿಷದ ಒಂಟಿ ಅವಧಿಯಲ್ಲಿ ಸಾಮಾನು ಹೊರತೆಗೆದು ಒಳಗಿಡುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಆದ್ದರಿಂದ ಜೋಡಿ ಅವಧಿ, ಅಂದರೆ ಎಂಬತ್ತು ನಿಮಿಷ, ಬೇಕೇ ಬೇಕು. ದಿನದ ಕೊನೆಯ ಅವಧಿಗೂ ಶನಿವಾರಕ್ಕೂ ಇದನ್ನು ಹಾಕಬೇಡಿ. ಫೆಬ್ರುವರಿ ದಾಟಿದ ಮೇಲೆ ರಾಯಚೂರಿನ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ಮಧ್ಯಾಹ್ನ ಮಕ್ಕಳನ್ನು ನಿಲ್ಲಿಸುವುದು ಸಾಧ್ಯವಿಲ್ಲ.

ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿ ಅರುವತ್ತು ಮಕ್ಕಳಿದ್ದರು. ಅವರನ್ನು ಇಪ್ಪತ್ತರ ಮೂರು ತಂಡಗಳಾಗಿ ಮಾಡಿ, ಮಂಗಳವಾರ, ಬುಧವಾರ, ಗುರುವಾರ ಬೆಳಗಿನ ಎರಡನೆಯ ಮತ್ತು ಮೂರನೆಯ ಅವಧಿಗಳನ್ನು ಜೋಡಿಸಿದೆವು. ಆ ಹೊತ್ತಿನಲ್ಲಿ ಒಂದು ತಂಡ ವಿದ್ಯುತ್ ಕೆಲಸಕ್ಕೆ, ಇನ್ನೊಂದು ಕಟ್ಟಡ ಕೆಲಸಕ್ಕೆ ಹೋಗುತ್ತಿತ್ತು. ಮೂರನೆಯ ತಂಡ ಒಬ್ಬ ಶಿಕ್ಷಕರೊಡನೆ ಕುಳಿತು ಕನ್ನಡ ಓದು ಮತ್ತು ಭಾಗಾಕಾರ, ಭಿನ್ನರಾಶಿಗಳನ್ನು ಕಲಿಯುತ್ತಿತ್ತು. ಮೂರು ದಿನಗಳಲ್ಲಿ ಪ್ರತಿ ಮಗುವೂ ಮೂರನ್ನೂ ಮುಗಿಸುತ್ತಿತ್ತು. ಅರುವತ್ತು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಯಾರಿಗೆ ಓದಲು ಬರುವುದಿಲ್ಲ ಎಂದು ಕಂಡುಹಿಡಿಯಲಾಗದಿದ್ದ ಕನ್ನಡ ಶಿಕ್ಷಕರು, ಇಪ್ಪತ್ತೇ ಮಕ್ಕಳಿದ್ದಾಗ ಎರಡು ವಾರದಲ್ಲಿ ಹನ್ನೊಂದು ಹೆಸರುಗಳ ಪಟ್ಟಿ ಮಾಡಿದರು. ಈ ಅನುಕೂಲವನ್ನು ನಾನು ಮೊದಲು ಊಹಿಸಿಯೇ ಇರಲಿಲ್ಲ. ವಾರಕ್ಕೆ ಬೇಕಾದ ಆರು ಅವಧಿಗಳಲ್ಲಿ ನಾಲ್ಕು ಕಾರ್ಯಾನುಭವ ಮತ್ತು ಇತರ ಭಾಗ-ಬಿ ಚಟುವಟಿಕೆಗಳಿಂದ ಬಂದವು. ಗಣಿತದಿಂದ ಒಂದು, ವಿಜ್ಞಾನದಿಂದ ಒಂದು ಪಡೆದೆವು. ಆ ಇಬ್ಬರು ಶಿಕ್ಷಕರನ್ನು ಒಪ್ಪಿಸುವುದಕ್ಕೆ ಒಂದೇ ಷರತ್ತು ಇತ್ತು: ಅವರೂ ಕೆಲಸದ ಕೊಠಡಿಯಲ್ಲಿರಬೇಕು ಮತ್ತು ಅಲ್ಲಿ ಅವರ ಪಾಠವೇ ನಡೆಯಬೇಕು.

ಆರನೆಯ ಹೆಜ್ಜೆ: ಕಲಿಸುವವರು

ಎನ್‌ಎಸ್‌ಕ್ಯೂಎಫ್ ಶಾಲೆಗೆ ಗುತ್ತಿಗೆಯ ಮೇಲೆ ತರಬೇತುದಾರರು ಬರುತ್ತಾರೆ. ಅಂಥವರಿಲ್ಲದ ಶಾಲೆಯು ಊರಿನ ಗೌಂಡಿಯನ್ನೋ ವೈರ್‌ಮನ್‌ನನ್ನೋ ಕೇಳಿಕೊಳ್ಳಬೇಕು. ಅವರನ್ನು ಪುಕ್ಕಟೆ ಕರೆಯಬೇಡಿ. ಬಂದ ದಿನದ ಅವರ ಕೂಲಿ ಎಷ್ಟೋ ಅಷ್ಟನ್ನು ಗೌರವಧನವಾಗಿ ಕೊಡಿ, ಮಕ್ಕಳೆದುರು "ಮೇಸ್ತ್ರಿಯವರೇ" ಎಂದು ಕರೆಯಿರಿ, ಸಿಬ್ಬಂದಿ ಕೊಠಡಿಯಲ್ಲಿ ಕುರ್ಚಿ ಹಾಕಿ ಚಹಾ ಕೊಡಿ. ಮಕ್ಕಳು ಪಾಠಕ್ಕಿಂತ ಮೊದಲು ಇದನ್ನು ಗಮನಿಸುತ್ತಾರೆ. ಹೊರಗಿನಿಂದ ಬಂದವರು ಎಷ್ಟೇ ಪರಿಚಿತರಾದರೂ ಮಕ್ಕಳೊಡನೆ ಒಬ್ಬರೇ ಇರಕೂಡದು. ಶಾಲೆಯ ಒಬ್ಬ ಶಿಕ್ಷಕರು ಸದಾ ಜೊತೆಗಿರಬೇಕು. ಕೃಷಿ ವಿಷಯಕ್ಕೆ ಗಂಗಾವತಿ ಮತ್ತು ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳನ್ನು, ಶಿಕ್ಷಕರ ತರಬೇತಿಗೆ ಮುನಿರಾಬಾದ್ ಅಥವಾ ಯರಮರಸ್ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅನ್ನು ಪತ್ರ ಬರೆದು ಕೇಳಬಹುದು.

ಏಳನೆಯ ಹೆಜ್ಜೆ: ಸಾಮಾನು, ಸುರಕ್ಷತೆ, ಹಣ

ನಾನು ಭೇಟಿ ಕೊಟ್ಟ ಒಂದು ಶಾಲೆಯಲ್ಲಿ ಹೊಲಿಗೆ ಯಂತ್ರಗಳು ಪೆಟ್ಟಿಗೆ ಬಿಚ್ಚದೆ ಮೂರು ವರ್ಷ ಹಾಗೆಯೇ ಇದ್ದವು. ದಾರ, ಬಟ್ಟೆ, ಸೂಜಿಗೆ ಹಣವಿರಲಿಲ್ಲ, ಕಳೆದುಹೋದರೆ ಯಾರ ಮೈಮೇಲೆ ಬರುತ್ತದೋ ಎಂದು ಕೀಲಿ ತೆಗೆಯುವವರೂ ಇರಲಿಲ್ಲ. ಕಾರ್ಯಕ್ರಮಗಳು ನಿಲ್ಲುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಯಾರಾದರೂ ನೆರವು ಕೊಡುತ್ತೇವೆಂದರೆ ದೊಡ್ಡ ಯಂತ್ರ ಕೇಳಬೇಡಿ, ಮೂರು ವರ್ಷದ ಕಚ್ಚಾ ಸಾಮಗ್ರಿ ಕೇಳಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಶಾಸಕರ ಮೂಲಕ ಬೇಡಿಕೆ ಸಲ್ಲಿಸಬಹುದು. ಗ್ರಾಮ ಪಂಚಾಯಿತಿಯನ್ನು ಕೇಳಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕಾಗಿರುವುದರಿಂದ ಗಿಣಿಗೇರಾ, ತೋರಣಗಲ್ಲು ಭಾಗದ ಕಾರ್ಖಾನೆಗಳಿಗೆ ಬರೆಯಬಹುದು. ಹಳೆಯ ವಿದ್ಯಾರ್ಥಿಗಳು ಸಿಮೆಂಟ್ ಚೀಲ, ವೈರಿನ ಸುರುಳಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಇಪ್ಪತ್ತು ಮಕ್ಕಳ ತಂಡಕ್ಕೆ ಐದು ಜೊತೆ ಉಪಕರಣ ಸಾಕು: ಟೇಪು, ರಸಮಟ್ಟ, ತೂಗುಗುಂಡು, ಕರಣಿ, ಗುದ್ದಲಿ, ಬುಟ್ಟಿ; ವಿದ್ಯುತ್ ಕೆಲಸಕ್ಕೆ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಸ್ಟರ್, ಮಲ್ಟಿಮೀಟರ್. ಮೊದಲ ಮೂರು ತಿಂಗಳು ಮಕ್ಕಳು 12 ವೋಲ್ಟಿನ ಬ್ಯಾಟರಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ಆಮೇಲೂ ಕೆಲಸದ ಹಲಗೆಗೆ ಬರುವ ವಿದ್ಯುತ್ತು ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕವೇ ಬರಬೇಕು, ಅರ್ಥಿಂಗ್ ಅನ್ನು ಪರವಾನಗಿ ಪಡೆದವರಿಂದ ಪರೀಕ್ಷೆ ಮಾಡಿಸಬೇಕು, ಮುಖ್ಯ ಸ್ವಿಚ್ಚಿನ ಬಳಿ ಶಿಕ್ಷಕರು ನಿಂತಿರಬೇಕು. ಜಡೆಯನ್ನು ಮೇಲೆ ಕಟ್ಟಿಕೊಳ್ಳುವುದು, ವೇಲನ್ನು ತೆಗೆದಿಡುವುದು, ಬರಿಗಾಲಿನಲ್ಲಿ ಕೆಲಸಕ್ಕೆ ನಿಲ್ಲದಿರುವುದು, ಸಿಮೆಂಟು ಮುಟ್ಟಿದ ಕೈಯನ್ನು ಕೂಡಲೇ ತೊಳೆಯುವುದು ಇವು ಮೊದಲ ದಿನದ ಪಾಠಗಳಾಗಲಿ. ಚಪ್ಪಲಿಯಿಲ್ಲದೆ ಬರುವ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಕೊಠಡಿಯಲ್ಲಿಯೇ ಹತ್ತು ಜೊತೆ ಬೂಟು ಇಡಿ.

ಎಂಟನೆಯ ಹೆಜ್ಜೆ: ಪಾಠ ಮತ್ತು ಕೆಲಸವನ್ನು ಒಂದೇ ನೂಲಿನಲ್ಲಿ ಪೋಣಿಸಿ

ಗೌಂಡಿ ಮೂಲೆಮಟ್ಟ ಹಿಡಿಯುವಾಗ ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಹಾಕಿ, ಕರ್ಣ ಐದು ಅಡಿ ಬಂದರೆ ಮೂಲೆ ಸರಿ ಎನ್ನುತ್ತಾನೆ. ಇದು ಗಣಿತ ಪಾಠದ ಪೈಥಾಗೊರಸ್ ಪ್ರಮೇಯ. ದಾರ ಹಿಡಿದ ಮಗುವಿಗೆ ಗಣಿತ ಶಿಕ್ಷಕರು ಅಲ್ಲಿಯೇ, ಆ ಕ್ಷಣದಲ್ಲಿಯೇ ಅದನ್ನು ಹೇಳಬೇಕು. ನಾಳೆ ಕರಿಹಲಗೆಯ ಮೇಲೆ ಹೇಳಿದರೆ ಆ ಬಿಸಿ ಆರಿರುತ್ತದೆ. ಆಮೇಲೆ ಆರು, ಎಂಟು ಅಡಿ ಗುರುತಿಟ್ಟರೆ ಕರ್ಣ ಎಷ್ಟು ಬರಬೇಕೆಂದು ಕೇಳಿ, ಅಳೆದು ನೋಡಲು ಬಿಡಿ.

ತಟ್ಟೆ ತೊಳೆಯುವ ಕಟ್ಟೆಯ ಮುಂದೆ 3 ಮೀಟರ್ ಉದ್ದ, 2 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸು ಹಾಕಬೇಕಿತ್ತು. ಮಕ್ಕಳು ಗಾತ್ರವನ್ನು 0.6 ಘನ ಮೀಟರ್ ಎಂದು ಕಂಡುಹಿಡಿದರು. ಒಣ ಸಾಮಗ್ರಿ ಕಲಸಿದಾಗ ಇಳಿಯುವುದರಿಂದ ಅದನ್ನು 1.54ರಿಂದ ಗುಣಿಸಬೇಕೆಂದು ಹೇಳಿಕೊಟ್ಟ ಮೇಲೆ ಸುಮಾರು 0.92 ಘನ ಮೀಟರ್ ಬಂತು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಲೆಕ್ಕದಲ್ಲಿ ಸಿಮೆಂಟಿನ ಪಾಲು ಏಳರಲ್ಲಿ ಒಂದು. ಒಂದು ಘನ ಮೀಟರ್ ಸಿಮೆಂಟು 1,440 ಕಿಲೋಗ್ರಾಂ ತೂಗುತ್ತದೆಂದು ಹಿಡಿದರೆ ಸುಮಾರು 190 ಕಿಲೋಗ್ರಾಂ, ಅಂದರೆ 50 ಕಿಲೋಗ್ರಾಮಿನ ನಾಲ್ಕು ಚೀಲಕ್ಕೆ ಸ್ವಲ್ಪ ಕಡಿಮೆ. ಘನಫಲ, ಅನುಪಾತ, ದಶಮಾಂಶ, ಸಾಂದ್ರತೆ ಎಲ್ಲ ಒಂದೇ ಲೆಕ್ಕದಲ್ಲಿ ಬಂದವು. ನಾಲ್ಕು ಚೀಲ ತರಿಸಿದೆವು; ಕೆಲಸ ಮುಗಿದಾಗ ಉಳಿದ ಸಿಮೆಂಟನ್ನು ಮಕ್ಕಳು ತಾವಾಗಿಯೇ ತೂಗಿ, ಎಷ್ಟು ತಪ್ಪಿದೆವು ಎಂದು ನೋಡಿದರು.

ವಿದ್ಯುತ್ ಕೆಲಸಕ್ಕೆ ಪ್ರತಿ ಮಗುವೂ ಮನೆಯ ಜೆಸ್ಕಾಂ ಬಿಲ್ಲು ತರಲಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ಮೂವತ್ತು ದಿನಕ್ಕೆ 9 ಯೂನಿಟ್, 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್ ಎಂಬ ಲೆಕ್ಕದಿಂದ ಆರಂಭಿಸಿ. ಉಚಿತ ವಿದ್ಯುತ್ತಿನ ಗೃಹ ಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗೆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 (ತೀರಾ ಕಡಿಮೆ ಬಳಸುವ ಮನೆಗಳಿಗೆ 10 ಯೂನಿಟ್) ಎಂಬ ಲೆಕ್ಕವಿದೆ. ತಮ್ಮ ಮನೆಯ ಸರಾಸರಿಯನ್ನು ಮಕ್ಕಳು ತಾವೇ ತೆಗೆದಾಗ ಶೇಕಡಾವಾರು ಲೆಕ್ಕವನ್ನು ಮನೆಯಲ್ಲಿ ಅಪ್ಪ-ಅವ್ವಂದಿರೂ ಕೇಳಿಸಿಕೊಳ್ಳುತ್ತಾರೆ. ಕೃಷಿಯನ್ನು ಆರಿಸಿದವರು ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವ ಪರೀಕ್ಷೆಯನ್ನು ಬಿತ್ತನೆಗೆ ಮುಂಚೆ ಜೂನಿನಲ್ಲಿಯೇ ಮಾಡಿ ಫಲಿತಾಂಶವನ್ನು ರೈತರಿಗೆ ತಿಳಿಸಬಹುದು.

ಪ್ರತಿ ಕೆಲಸದ ನಂತರ ಮಗು ಏನು ಮಾಡಿತು, ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಿತು ಎಂಬುದನ್ನು ತನ್ನದೇ ಕನ್ನಡದಲ್ಲಿ ಅರ್ಧ ಪುಟ ಬರೆಯಬೇಕು. ಸ್ಟಾರ್ಟರ್, ಫ್ಯೂಸ್ ಎಂಬ ಹೆಸರುಗಳು ಹಾಗೆಯೇ ಇರಲಿ. ಪ್ರಬಂಧ ಬರೆಯಲು ಒಂದು ಸಾಲೂ ಹೊಳೆಯದ ಮಕ್ಕಳು ಇಲ್ಲಿ ಬರೆಯುತ್ತಾರೆ, ಏಕೆಂದರೆ ಹೇಳುವುದಕ್ಕೆ ಅವರ ಬಳಿ ಏನೋ ಇರುತ್ತದೆ. ಮೌಲ್ಯಮಾಪನಕ್ಕೆ ಈ ಪುಸ್ತಕ ಮತ್ತು ಮಾಡಿದ ವಸ್ತು ಸಾಕು. ಪ್ರತ್ಯೇಕ ಲಿಖಿತ ಪರೀಕ್ಷೆಯನ್ನು ಇದಕ್ಕೆ ತರಬೇಡಿ.

ಒಂಬತ್ತನೆಯ ಹೆಜ್ಜೆ: ಹೊರಗಿನ ಕೆಲಸದ ಸ್ಥಳ ಮತ್ತು ಕಾನೂನು

ಗ್ಯಾರೇಜು, ಗಿರಣಿ, ನರ್ಸರಿಗಳಿಗೆ ಮಕ್ಕಳನ್ನು ಕರೆದೊಯ್ಯುವುದು ಅಗತ್ಯ. ಆದರೆ ಕಲಿಕೆಯ ಹೆಸರಿನಲ್ಲಿ ಪುಕ್ಕಟೆ ಕೂಲಿ ನಡೆಯದಂತೆ ನೋಡಿಕೊಳ್ಳುವುದು ಮುಖ್ಯ ಶಿಕ್ಷಕರ ಹೊಣೆ. 2016ರ ತಿದ್ದುಪಡಿಯ ನಂತರ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯು 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. 14ರಿಂದ 18ರ ವಯಸ್ಸಿನವರನ್ನು ಗಣಿ, ಸ್ಫೋಟಕ ಮತ್ತು ಬೆಂಕಿ ಹತ್ತುವ ವಸ್ತುಗಳು, ಅಪಾಯಕಾರಿ ಪ್ರಕ್ರಿಯೆಗಳಿರುವ ಕೆಲಸಗಳಿಂದ ದೂರವಿಡುತ್ತದೆ. ಸಂಡೂರು, ಹಟ್ಟಿಯ ಗಣಿಗಳ ಒಳಗೆ, ಜೀನ್ಸ್ ತೊಳೆಯುವ ರಾಸಾಯನಿಕದ ತೊಟ್ಟಿಗಳ ಬಳಿ, ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಶಾಲೆಯ ಹೆಸರಿನಲ್ಲಿ ಯಾವ ಮಗುವೂ ಹೋಗಬಾರದು. ಭೇಟಿಯ ಹೊತ್ತು ಶಾಲೆಯ ಹೊತ್ತಿನೊಳಗೆ ಇರಲಿ, ಶಿಕ್ಷಕರು ಜೊತೆಗಿರಲಿ, ಇಷ್ಟು ಕೆಲಸ ಮುಗಿಸಬೇಕೆಂಬ ಲೆಕ್ಕ ಇರದಿರಲಿ, ಮಾಲೀಕರಿಂದ ಶಾಲೆಗೆ ಒಂದು ರೂಪಾಯಿಯೂ ಬರದಿರಲಿ. ಇವನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮತ್ತು ಪೋಷಕರ ಸಹಿ ಪಡೆಯಿರಿ.

ಹತ್ತನೆಯ ತರಗತಿಯ ನಂತರ

ಮಾರ್ಚ್ ಪರೀಕ್ಷೆಗೆ ಮುನ್ನವೇ ಪ್ರತಿ ಮಗುವಿನ ಮುಂದಿನ ದಾರಿಯನ್ನು ಪೋಷಕರೊಡನೆ ಕುಳಿತು ಬರೆದಿಡಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮೊದಲನೆಯದರಲ್ಲಿ ತಪ್ಪಿದವರು ಅದೇ ವರ್ಷ ಮುಂದಿನ ತರಗತಿಗೆ ಹೋಗಬಹುದು ಎಂಬುದು ಎಷ್ಟೋ ಮನೆಗಳಿಗೆ ಫಲಿತಾಂಶ ಬಂದ ಮೇಲೂ ಗೊತ್ತಿರುವುದಿಲ್ಲ. ಐಟಿಐಯ ವೆಲ್ಡರ್, ವೈರ್‌ಮನ್‌ನಂಥ ಟ್ರೇಡುಗಳಿಗೆ ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ತಾಲ್ಲೂಕಿನ ಐಟಿಐ ಮತ್ತು ಪಾಲಿಟೆಕ್ನಿಕ್‌ಗೆ ಜನವರಿಯಲ್ಲಿ ಒಮ್ಮೆ ಮಕ್ಕಳನ್ನೂ, ಮುಖ್ಯವಾಗಿ ಹುಡುಗಿಯರ ತಂದೆತಾಯಿಯರನ್ನೂ ಕರೆದೊಯ್ಯಿರಿ. ಹಾಸ್ಟೆಲ್ ಎಲ್ಲಿದೆ, ಬಸ್ಸು ಎಷ್ಟು ಹೊತ್ತಿಗಿದೆ ಎಂಬುದನ್ನು ಕಣ್ಣಾರೆ ಕಂಡ ತಂದೆ ಮಗಳನ್ನು ಕಳಿಸುವುದಕ್ಕೆ ಬೇಗ ಒಪ್ಪುತ್ತಾನೆ.

ವರ್ಷದ ಕೊನೆಗೆ ಏನನ್ನು ಎಣಿಸಬೇಕು

ಮೊದಲ ವರ್ಷವೇ ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರುತ್ತದೆಂದು ಯಾರಿಗೂ ಮಾತು ಕೊಡಬೇಡಿ. ಒಂಬತ್ತನೆಯ ತರಗತಿಯಲ್ಲಿ ಆರಂಭಿಸಿದ ಮಕ್ಕಳು ಆ ಪರೀಕ್ಷೆಗೆ ಕೂರುವುದೇ ಮರುವರ್ಷ. ಕೆಲಸದ ದಿನಗಳ ಹಾಜರಿಯನ್ನು ಉಳಿದ ದಿನಗಳ ಹಾಜರಿಯೊಡನೆ ಹೋಲಿಸಿ ಪ್ರತಿ ತಿಂಗಳು ಬರೆದಿಡಿ. ಜೂನಿನಲ್ಲಿ ಕನ್ನಡದ ಒಂದು ಪುಟ ಓದಲಾಗದಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಮಾರ್ಚಿನಲ್ಲಿ ಓದುತ್ತಾರೆ, ಟೇಪು ಹಿಡಿದು ಕೊಠಡಿಯ ವಿಸ್ತೀರ್ಣವನ್ನು ಎಷ್ಟು ಮಂದಿ ಸರಿಯಾಗಿ ತೆಗೆಯುತ್ತಾರೆ, ಸುಗ್ಗಿಯ ಮತ್ತು ಗುಳೆಯ ತಿಂಗಳುಗಳಲ್ಲಿ ಎಷ್ಟು ಮಂದಿ ಶಾಲೆಯಲ್ಲಿಯೇ ಉಳಿದರು ಎಂಬುದನ್ನೂ ಎಣಿಸಿ. ನಮ್ಮ ಶಾಲೆಯಲ್ಲಿ ಮಂಗಳವಾರದಿಂದ ಗುರುವಾರದವರೆಗಿನ ಹಾಜರಿ ಸೋಮವಾರಕ್ಕಿಂತ ಹೆಚ್ಚಿತ್ತು ಎಂಬುದು ನನಗೆ ಮೊದಲು ಕಂಡ ಬದಲಾವಣೆ.

ಇನ್ನೊಂದು ಕೆಲಸ ಬಾಕಿ ಇದೆ. ಇಂಥ ಕಾರ್ಯಕ್ರಮಗಳು ಒಬ್ಬ ಮುಖ್ಯ ಶಿಕ್ಷಕರ ವರ್ಗಾವಣೆಯೊಡನೆ ನಿಂತುಹೋಗುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಎಸ್‌ಡಿಎಂಸಿ ನಿರ್ಣಯ, ವೇಳಾಪಟ್ಟಿ, ದಾಸ್ತಾನು ವಹಿ, ಮೇಸ್ತ್ರಿಗಳ ವಿಳಾಸ, ಪ್ರತಿ ಕೆಲಸದ ಸಾಮಗ್ರಿಯ ಲೆಕ್ಕ, ಮಕ್ಕಳ ಬರಹದ ಕೆಲವು ಪ್ರತಿಗಳು ಇವೆಲ್ಲವನ್ನೂ ಒಂದೇ ಕಡತದಲ್ಲಿ ಹಾಕಿ, ಕೆಲಸದ ಕೊಠಡಿಯ ಎರಡನೆಯ ಕೀಲಿಯನ್ನು ಗಣಿತ ಶಿಕ್ಷಕರ ಕೈಗೆ ಕೊಟ್ಟು, ಅವರಿಂದ ಸಹಿ ಪಡೆಯಿರಿ. ಬದಲಾಗಿ ಬರುವವರು ಜೂನ್ ಮೊದಲ ವಾರ ಆ ಕಡತವನ್ನು ತೆರೆದರೆ ಮುಂದಿನ ಮಂಗಳವಾರ ಯಾವ ತಂಡ ಯಾವ ಕೊಠಡಿಗೆ ಹೋಗಬೇಕೆಂಬುದು ಅದರ ಮೊದಲ ಪುಟದಲ್ಲಿಯೇ ಸಿಗಬೇಕು.